ದರ್ಜಿ ಉಳಿಸಿದ ಮೈದಾನ: ಮ್ಯಾಟ್ ವಿನ್

ಅಮೇರಿಕೆಯ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ 1861ರಲ್ಲಿ ಜನಿಸಿದ ಮ್ಯಾಟ್ ವಿನ್ ಅವರು ಕಿರಾಣಿ ವ್ಯಾಪಾರಿಯ ಮಗ. 1875ರಲ್ಲಿ ಅಲ್ಲಿ ಮೊದಲ ಕೆಂಟಕಿ ಡರ್ಬಿ ಕುದುರೆ ಪಂದ್ಯ ನಡೆದಾಗ ಹದಿಮೂರರ ಆ ಬಾಲಕ ತಂದೆಯ ಸರಕಿನ ಬಂಡಿಯಿಂದಲೇ ಅದನ್ನು ಕಂಡಿದ್ದನು. ಬೆಳೆದ ಮೇಲೆ ದರ್ಜಿಯ ಕಾಯಕ ಅವರದಾಯಿತು.

1902ರಲ್ಲಿ ಚರ್ಚಿಲ್ ಡೌನ್ಸ್ ಎಂಬ ಆ ಮೈದಾನವು ನಷ್ಟದಿಂದ ಮುಚ್ಚುವ ಸ್ಥಿತಿಗೆ ಬಂದಿತು. ವಿನ್ ಅವರು ಮಿತ್ರರನ್ನು ಕೂಡಿಸಿ 40,000 ಡಾಲರಿಗೆ ಅದನ್ನು ಕೊಂಡರು; ಮುಂದೆ ಹೊಲಿಗೆಯನ್ನು ಬಿಟ್ಟು ಅದರ ಆಡಳಿತಕ್ಕೇ ನಿಂತರು.

ನಿಜವಾದ ಪರೀಕ್ಷೆ ಬಂದುದು 1908ರಲ್ಲಿ. ದರ ಕಟ್ಟಿ ಪಣ ಸ್ವೀಕರಿಸುತ್ತಿದ್ದ ಬುಕ್ಕಿಗಳನ್ನು ನಗರಾಡಳಿತ ನಿಷೇಧಿಸಿತು. ಆ ವರಮಾನವಿಲ್ಲದೆ ಪಂದ್ಯವನ್ನು ಏರ್ಪಡಿಸುವುದು ಅಸಾಧ್ಯವಾಗಿತ್ತು. ವಿನ್ ಅವರು ಎದೆಗುಂದದೆ ಹಳೆಯ ಶಾಸನಗಳನ್ನು ಶೋಧಿಸಿದರು. ಎಲ್ಲರ ಪಣವನ್ನು ಒಟ್ಟುಗೂಡಿಸಿ, ನಿಗದಿತ ಪಾಲನ್ನು ಕಳೆದು, ಉಳಿದುದನ್ನು ಗೆದ್ದವರಿಗೆ ಹಂಚುವ ಪದ್ಧತಿಗೆ ಅಲ್ಲಿ ವಿನಾಯಿತಿಯಿತ್ತು. ಮೂಲೆಗುಂಪಾಗಿದ್ದ ಅದರ ಯಂತ್ರಗಳನ್ನು ಹುಡುಕಿಸಿ ದುರಸ್ತಿಗೊಳಿಸಿದರು. ಡರ್ಬಿ ನಿಲ್ಲಲಿಲ್ಲ. ಗೆದ್ದ ಸ್ಟೋನ್ ಸ್ಟ್ರೀಟ್ ಕುದುರೆಯ ಮೇಲೆ 5 ಡಾಲರ್ ಕಟ್ಟಿದವರಿಗೆ 123 ಡಾಲರಿಗೂ ಮಿಗಿಲಾಗಿ ದೊರೆಯಿತು.

ಪಣ ಕಟ್ಟುವುದು ಶ್ಲಾಘ್ಯವಲ್ಲ. ಅದು ಅನೇಕ ಮನೆಗಳನ್ನು ಹಾಳುಮಾಡಿದೆ. ಆದರೆ ಕುಸಿಯುತ್ತಿದ್ದ ಸಂಸ್ಥೆಯೊಂದನ್ನು ಕೈಬಿಡದ ನಿಷ್ಠೆ ಆದರಣೀಯವಾದುದು. ಹಣ ಕೂಡಿಸಿಕೊಟ್ಟ ಮಿತ್ರರಿಲ್ಲದಿದ್ದರೆ ಆ ನಿಷ್ಠೆಯೂ ಫಲಿಸುತ್ತಿರಲಿಲ್ಲ. 1949ರ ಮೇ ತಿಂಗಳಲ್ಲಿ 75ನೆಯ ಡರ್ಬಿಯನ್ನು ಕಂಡ ವಿನ್ ಅವರು ಅದೇ ವರ್ಷದ ಅಕ್ಟೋಬರಿನಲ್ಲಿ ನಿಧನರಾದರು. ಬಾಲ್ಯದಲ್ಲಿ ಕಂಡ ಒಂದು ದಿನದ ಸಂತೋಷದ ಋಣವನ್ನು ಅವರು ಬಾಳಿನುದ್ದಕ್ಕೂ ತೀರಿಸಿದರು.