ಸಾವಿರದ ಮುನ್ನೂರು ಹುಣ್ಣಿಮೆ ಕಂಡ ನಿಘಂಟಿನ ಅಜ್ಜ



ಅಕ್ಟೋಬರ್ 1 ಜಗತ್ತಿನ ಹಿರಿಯರೆಲ್ಲರಿಗೆ ಮೀಸಲಾದ ದಿನ. ವಿಶ್ವಸಂಸ್ಥೆ 1990ರಲ್ಲಿ ಅದನ್ನು ಗೊತ್ತುಮಾಡಿತು. ಅದಾಗಿ ಒಂದು ತಿಂಗಳಿಗೆ ನವೆಂಬರ್ 1, ನಮ್ಮ ಕನ್ನಡ ರಾಜ್ಯೋತ್ಸವ. ಈ ಎರಡು ದಿನಗಳಂದೂ ನೆನೆಯಬೇಕಾದ ಒಬ್ಬ ಅಜ್ಜನ ಕಥೆಯನ್ನು ನಿಮಗೆ ಹೇಳುತ್ತೇನೆ, ಮಕ್ಕಳೇ. ಅವರು ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯ. ಹೆಸರಿನ ಮುಂದಿರುವ ‘ಜಿ’ ಎಂದರೆ ಗಂಜಾಂ, ಶ್ರೀರಂಗಪಟ್ಟಣದ ಪಕ್ಕದ ಊರು. ಕನ್ನಡಿಗರು ಅವರನ್ನು ‘ಜಿ.ವಿ.’ ಎಂದು ಕರೆದರು, ‘ನಡೆದಾಡುವ ನಿಘಂಟು’ ಎಂದು ಕೊಂಡಾಡಿದರು.

ಜಿ.ವಿ. ಹುಟ್ಟಿದ್ದು 1913ರ ಆಗಸ್ಟ್ 23ರಂದು, ತೀರಿಕೊಂಡದ್ದು 2021ರ ಏಪ್ರಿಲ್ 19ರಂದು. ಲೆಕ್ಕ ಹಾಕಿ ನೋಡಿ. ನೂರ ಏಳು ವರ್ಷ ತುಂಬಿ, ನೂರ ಎಂಟನೆಯದು ನಡೆಯುತ್ತಿತ್ತು.

ನಮ್ಮಲ್ಲಿ ವಯಸ್ಸನ್ನು ಎಣಿಸಿ ಸಂಭ್ರಮಿಸುವ ಸೊಗಸಾದ ಪದ್ಧತಿಗಳಿವೆ. ಪಂಚಾಂಗದಲ್ಲಿ ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳು. ಒಂದೊಂದು ಯುಗಾದಿಗೂ ಹೊಸ ಹೆಸರಿನ ವರ್ಷ ಶುರುವಾಗುತ್ತದೆ. ಅರವತ್ತೂ ಮುಗಿದ ಮೇಲೆ ನೀವು ಹುಟ್ಟಿದ ವರ್ಷದ ಹೆಸರು ಮತ್ತೆ ಬರುತ್ತದೆ. ಅದಕ್ಕೇ ಅರವತ್ತು ತುಂಬಿದಾಗ ಷಷ್ಟ್ಯಬ್ದಿ. ಎಷ್ಟೋ ಮನೆಗಳಲ್ಲಿ ಅಂದು ಅಜ್ಜ ಅಜ್ಜಿಗೆ ಇನ್ನೊಮ್ಮೆ ತಾಳಿ ಕಟ್ಟುತ್ತಾರೆ, ಮೊಮ್ಮಕ್ಕಳು ಮುಂದೆ ನಿಂತು ಅಕ್ಷತೆ ಹಾಕುತ್ತಾರೆ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಎಂಬತ್ತು ದಾಟಿದ ಮೇಲೆ ಬರುವುದು ಸಹಸ್ರ ಚಂದ್ರ ದರ್ಶನ, ಅಂದರೆ ಸಾವಿರ ಹುಣ್ಣಿಮೆಗಳನ್ನು ಕಂಡ ಬಾಳಿನ ಹಬ್ಬ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅದನ್ನು ಸಾವಿರದಿಂದ ಗುಣಿಸಿದರೆ ಎಂಬತ್ತು ವರ್ಷ ಹತ್ತು ತಿಂಗಳ ಹತ್ತಿರ ಬರುತ್ತದೆ. ಇದೇ ಲೆಕ್ಕದಲ್ಲಿ ಜಿ.ವಿ. ಅಜ್ಜ ಕಂಡ ಹುಣ್ಣಿಮೆಗಳು ಸಾವಿರದ ಮುನ್ನೂರಕ್ಕೂ ಹೆಚ್ಚು!

ಆದರೆ ಕನ್ನಡ ನಾಡು ಅವರಿಗೆ ಕೈಮುಗಿದದ್ದು ಹುಣ್ಣಿಮೆಗಳ ಲೆಕ್ಕ ನೋಡಿ ಅಲ್ಲ. ಅಷ್ಟು ದೀರ್ಘ ಬಾಳಿನಲ್ಲಿ ಅವರು ಮಾಡಿದ ಕೆಲಸವನ್ನು ನೋಡಿ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಚಿನ್ನದ ಪದಕ ಪಡೆದ ಜಿ.ವಿ., ಬೆಂಗಳೂರಿನ ವಿಜಯ ಕಾಲೇಜಿನಲ್ಲಿ ಬಹಳ ವರ್ಷ ಕನ್ನಡ ಮೇಷ್ಟ್ರಾಗಿದ್ದರು. 1964ರಿಂದ 1969ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಆ ಪರಿಷತ್ತು ಕೈಗೆತ್ತಿಕೊಂಡಿದ್ದ ಬಹುದೊಡ್ಡ ಕೆಲಸ, ಕನ್ನಡ ಪದಗಳಿಗೆ ಕನ್ನಡದಲ್ಲೇ ಅರ್ಥ ಹೇಳುವ ನಿಘಂಟು. ಅದಕ್ಕೂ ಮೊದಲು, 1894ರಲ್ಲಿ, ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟಿದ್ದರು. ಪರಿಷತ್ತಿನ ನಿಘಂಟು ಹಲವು ವಿದ್ವಾಂಸರು ದಶಕಗಟ್ಟಲೆ ದುಡಿದು ಕಟ್ಟಿದ್ದು. ಜಿ.ವಿ. ಅದರ ಪ್ರಧಾನ ಸಂಪಾದಕರಾಗಿ ಕೆಲಸವನ್ನು ದಡ ಮುಟ್ಟಿಸಿದರು. ಒಟ್ಟು ಎಂಟು ಸಂಪುಟ, ಸುಮಾರು 9,000 ಪುಟ.

ನಿಘಂಟು ಮಾಡುವುದು ಹೇಗೆ ಗೊತ್ತೇ? ಕಂಪ್ಯೂಟರ್ ಇಲ್ಲದ ಕಾಲ ಅದು. ಕಲ್ಲಿನ ಮೇಲೆ ಕೊರೆದ ಶಾಸನಗಳು, ಪಂಪ–ರನ್ನರ ಕಾವ್ಯಗಳು, ವಚನಗಳು, ದಾಸರ ಪದಗಳು, ಹೊಸಗನ್ನಡದ ಕಥೆಗಳು ಎಲ್ಲವನ್ನೂ ಸಾಲು ಸಾಲಾಗಿ ಓದಬೇಕು. ಒಂದು ಪದ ಕಂಡರೆ ಅದನ್ನು ಒಂದು ಚೀಟಿಯಲ್ಲಿ ಬರೆದು, ಅದು ಯಾವ ಗ್ರಂಥದ ಯಾವ ಸಾಲಿನಲ್ಲಿದೆ, ಅಲ್ಲಿ ಅದರ ಅರ್ಥವೇನು ಎಂದು ಗುರುತು ಹಾಕಬೇಕು. ಹೀಗೆ ಕೂಡಿದ ಲಕ್ಷಾಂತರ ಚೀಟಿಗಳನ್ನು ಅ, ಆ, ಇ, ಈ ಎಂದು ಅಕಾರಾದಿಯಾಗಿ ಜೋಡಿಸಬೇಕು. ‘ಕಣ್ಣು’ ಎಂಬ ಪುಟ್ಟ ಪದವನ್ನೇ ತೆಗೆದುಕೊಳ್ಳಿ. ನೋಡುವ ಕಣ್ಣು ಎಲ್ಲರಿಗೂ ಗೊತ್ತು. ತೆಂಗಿನಕಾಯಿಗೆ ಮೂರು ಕಣ್ಣು. ನವಿಲುಗರಿಯಲ್ಲಿ ಕಣ್ಣು. ಜರಡಿಗೆ ಕಣ್ಣು, ಮೀನಿನ ಬಲೆಗೆ ಕಣ್ಣು. ಒಂದನ್ನು ಬಿಟ್ಟರೂ ನಿಘಂಟು ಅಪೂರ್ಣ. ಇಂಥ ಸಾವಿರಾರು ಪದಗಳಿಗೆ ಒಂದೊಂದಾಗಿ ನ್ಯಾಯ ಸಲ್ಲಿಸುವುದಕ್ಕೆ ಎಷ್ಟು ತಾಳ್ಮೆ ಬೇಕು, ನೀವೇ ಊಹಿಸಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಜಿ.ವಿ. ಹುಟ್ಟಿದ್ದು ಪ್ರಮಾದೀಚ ಸಂವತ್ಸರದಲ್ಲಿ. ಅದು ಮತ್ತೆ ಬಂದದ್ದು 1973ರಲ್ಲಿ. ಅದೇ ವರ್ಷ ಅವರು ಕಾಲೇಜಿನಿಂದ ನಿವೃತ್ತರಾದರು. ಬಹಳ ಜನ ಇನ್ನು ವಿಶ್ರಾಂತಿ ಎನ್ನುವ ವಯಸ್ಸು. ಅವರಿಗೆ ಅಲ್ಲಿಂದಾಚೆಗೆ ಇನ್ನೂ ನಲವತ್ತೇಳು ವರ್ಷಗಳ ಬಾಳಿತ್ತು, ಅದರ ತುಂಬ ಕೆಲಸವಿತ್ತು. ಪರಿಷತ್ತಿನ ನಿಘಂಟಿನ ಬಹುಪಾಲು ಸಂಪುಟಗಳು ಬಂದದ್ದು ನಿವೃತ್ತಿಯ ನಂತರವೇ.

1991ರಲ್ಲಿ, ಎಪ್ಪತ್ತೆಂಟರ ಆಸುಪಾಸಿನಲ್ಲಿ, ‘ಪ್ರಜಾವಾಣಿ’ ಪತ್ರಿಕೆಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣ ಶುರುಮಾಡಿದರು. ಓದುಗರು ತಮಗೆ ತಿಳಿಯದ ಪದಗಳ ಬಗ್ಗೆ ಬರೆದು ಕೇಳುತ್ತಿದ್ದರು. ಈ ಪದ ಎಲ್ಲಿಂದ ಬಂತು? ಹೀಗೆ ಬರೆದರೆ ಸರಿಯೇ, ಹಾಗೆ ಬರೆದರೆ ಸರಿಯೇ? ಅಜ್ಜ ಯಾರ ಪ್ರಶ್ನೆಯನ್ನೂ ಹಗುರವಾಗಿ ಕಾಣದೆ ಉತ್ತರ ಕೊಟ್ಟರು. ದಶಕಕ್ಕೂ ಹೆಚ್ಚು ಕಾಲ ನಡೆದ ಆ ಅಂಕಣ ಆಮೇಲೆ ಪುಸ್ತಕಗಳಾಗಿ ಬಂತು. 2011ರಲ್ಲಿ ಬೆಂಗಳೂರಿನಲ್ಲಿ ನಡೆದ 77ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ಅವರಿಗೆ ತೊಂಬತ್ತೇಳು. ಪದ್ಮಶ್ರೀ ಬಂದದ್ದು 2017ರಲ್ಲಿ, ನೂರ ಮೂರನೆಯ ವಯಸ್ಸಿನಲ್ಲಿ.

ನೂರು ದಾಟಿದ ಇನ್ನೂ ಕೆಲವು ಹಿರಿಯರು ನಮ್ಮ ನಾಡಿನಲ್ಲಿ ಬೆಳಗಿದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಶತಮಾನೋತ್ಸವಕ್ಕೆಂದು ಭಾರತ ಸರ್ಕಾರ 1960ರಲ್ಲಿ ಅಂಚೆಚೀಟಿ ತಂದಾಗ ಅದನ್ನು ನೋಡಲು ಅವರೇ ಇದ್ದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ನೂರ ಹನ್ನೊಂದು ವರ್ಷ ಬಾಳಿ, ಸಾವಿರಾರು ಬಡಮಕ್ಕಳಿಗೆ ಊಟ, ವಸತಿ, ವಿದ್ಯೆ ಕೊಟ್ಟರು. ಶಾಲೆಯ ಮೆಟ್ಟಿಲು ಹತ್ತದ ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ದಾರಿಯುದ್ದಕ್ಕೂ ಗಂಡನೊಡನೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ನೂರು ದಾಟಿದ ಮೇಲೆ 2019ರಲ್ಲಿ ಪದ್ಮಶ್ರೀ ಪಡೆದರು.

ಇಷ್ಟು ವರ್ಷ ಬದುಕುವ ಗುಟ್ಟೇನು ಎಂದು ನೀವು ಕೇಳಬಹುದು. ಆಯಸ್ಸು ಪೂರ್ತಿ ನಮ್ಮ ಕೈಯಲ್ಲಿಲ್ಲ ಮಕ್ಕಳೇ. ಹುಟ್ಟಿನಿಂದ ಬಂದ ಮೈಗುಣ, ಸಿಗುವ ಔಷಧೋಪಚಾರ, ಅದೃಷ್ಟ ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ಕೈಯಲ್ಲಿರುವುದು ಹಿತಮಿತವಾದ ಊಟ, ದಿನವೂ ನಡಿಗೆ, ಸಾಕಷ್ಟು ನಿದ್ದೆ, ಮನಸ್ಸಿಗೆ ಕೆಲಸ, ಮಾತಾಡಲು ನಾಲ್ಕು ಜನ. ಒಂಟಿತನ ಹಿರಿಯರ ಆರೋಗ್ಯವನ್ನು ಕೆಡಿಸುತ್ತದೆ ಎಂದು ವೈದ್ಯರು ಒತ್ತಿ ಹೇಳುತ್ತಾರೆ.

ಇಲ್ಲೇ ನಿಮ್ಮ ಪಾತ್ರವಿರುವುದು. ಕನ್ನಡ ನಾಡಿನಿಂದ ದೂರವಿರುವ ನಿಮ್ಮ ಮನೆಗೆ ಊರಿನಿಂದ ಬಂದ ಅಜ್ಜಿಗೋ ತಾತನಿಗೋ ಇಲ್ಲಿ ಜಗಲಿಯಿಲ್ಲ, ನೆರೆಹೊರೆಯ ಹರಟೆಯಿಲ್ಲ. ಅಪ್ಪ ಅಮ್ಮ ಕೆಲಸಕ್ಕೆ, ನೀವು ಶಾಲೆಗೆ ಹೊರಟ ಮೇಲೆ ಅವರಿಗೆ ಕನ್ನಡದಲ್ಲಿ ಒಂದು ಮಾತಾಡುವವರೂ ಇರುವುದಿಲ್ಲ. ಶಾಲು, ಹಾರ, ಫಲತಾಂಬೂಲ ಕೊಟ್ಟು ಸನ್ಮಾನ ಮಾಡುವುದು ಒಳ್ಳೆಯದೇ. ಆದರೆ ಅದು ಒಂದು ದಿನದ್ದು. ಕನ್ನಡಿಗರು ಜಿ.ವಿ.ಯವರಿಗೆ ಮಾಡಿದ ನಿಜವಾದ ಸನ್ಮಾನವೆಂದರೆ ಅವರನ್ನು ಬಿಡದೆ ಪ್ರಶ್ನೆ ಕೇಳುತ್ತಾ ಹೋದದ್ದು. ಹಿರಿಯರಿಗೆ ಗೊತ್ತಿರುವುದನ್ನು ಕಿರಿಯರು ಆಸೆಪಟ್ಟು ಕೇಳಿದರೆ ಅದಕ್ಕಿಂತ ದೊಡ್ಡ ಗೌರವವಿಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಜ್ಜಿ, ತಾತ ಆಡುವ ಮಾತಿನಲ್ಲಿ ನಿಮಗೆ ತಿಳಿಯದ ಪದ ಬಂದರೆ ಅಲ್ಲೇ ಕೇಳಿ, ಬರೆದುಕೊಳ್ಳಿ. ಅದನ್ನು ಅವರು ಯಾವಾಗ, ಯಾವುದಕ್ಕೆ ಬಳಸುತ್ತಾರೆ ಎಂಬುದನ್ನೂ ಬರೆಯಿರಿ. ಊರಿನಲ್ಲಿರುವವರನ್ನು ಫೋನಿನಲ್ಲಿ ಕೇಳಿ. ಮನೆಯಲ್ಲಿ ಹಿರಿಯರಿಲ್ಲದಿದ್ದರೆ ನಮ್ಮ ಕನ್ನಡ ಕೂಟದ ಅಜ್ಜ ಅಜ್ಜಿಯರೆಲ್ಲ ನಿಮ್ಮವರೇ, ಅವರ ಬಳಿ ಹೋಗಿ ಕುಳಿತುಕೊಳ್ಳಿ. ಕೂಟದ ರಾಜ್ಯೋತ್ಸವಕ್ಕೆ ನಿಮ್ಮ ನೋಟ್‌ಬುಕ್ ತನ್ನಿ, ಆ ಹಿರಿಯರ ಕೈಹಿಡಿದು ಕರೆತನ್ನಿ. ವೇದಿಕೆಯ ಮೇಲೆ ಅವರನ್ನು ಕೂರಿಸಿ, ಅವರಿಂದ ಕಲಿತ ಪದಗಳನ್ನು ನೀವೇ ಓದಿ ಹೇಳಿ.