ಲೇಖನಿಯನ್ನೇ ನಂಬಿದ ತ.ರಾ.ಸು.

ಪವಿತ್ರ ಕುರ್‌ಆನ್‌ನಲ್ಲಿ ಮೊಟ್ಟಮೊದಲು ಅವತೀರ್ಣವಾದ ವಚನಗಳಲ್ಲೇ ಓದು ಮತ್ತು ಲೇಖನಿಯ ಪ್ರಸ್ತಾಪವಿದೆ. ಆ ಲೇಖನಿಯಿಂದಲೇ ಸಂಸಾರ ಸಾಗಿಸಲು ಹೊರಟವರ ಬದುಕು ಹೇಗಿರುತ್ತದೆ? ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಬರುವಾಗ ನೀವು ತಳುಕು ಗ್ರಾಮವನ್ನು ದಾಟಿರುತ್ತೀರಿ. ಕಾದಂಬರಿಕಾರ ತ.ರಾ. ಸುಬ್ಬರಾವ್ ಆ ಊರಿನ ಮನೆತನದವರು.

1920ರಲ್ಲಿ ಮಲೇಬೆನ್ನೂರಿನಲ್ಲಿ ಜನಿಸಿದ ಅವರು ಬೆಳೆದದ್ದು ಚಿತ್ರದುರ್ಗದಲ್ಲಿ. ಸ್ವಾತಂತ್ರ್ಯ ಚಳವಳಿಗೆ ಧುಮುಕಿದ್ದರಿಂದ ಕಾಲೇಜು ಓದು ಅರ್ಧಕ್ಕೆ ನಿಂತಿತು. ಅದೇ ಮನೆತನದ ತ.ಸು. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ತ.ರಾ.ಸು. ಅವರಿಗೆ ಅಂಥ ಸಂಬಳದ ಆಸರೆ ಇರಲಿಲ್ಲ. ಕೆಲಕಾಲ ಪತ್ರಿಕೆಗಳಲ್ಲಿ ದುಡಿದು, ನಂತರ ಬರವಣಿಗೆಯನ್ನೇ ವೃತ್ತಿ ಮಾಡಿಕೊಂಡರು.

ಮೊಳಕಾಲ್ಮೂರಿನ ನೇಕಾರರನ್ನು ನೆನೆಯಿರಿ. ಸೀರೆ ಮಗ್ಗದಿಂದ ಇಳಿದ ಮೇಲೆಯೇ ಕೂಲಿ. ಬರಹಗಾರನ ಪಾಡೂ ಅದೇ: ಬರೆದು ಮುಗಿಸಿದರೆ ಸಂಭಾವನೆ, ಕಾಯಿಲೆಗೆ ರಜೆಯಿಲ್ಲ, ಮುಪ್ಪಿಗೆ ಪಿಂಚಣಿಯಿಲ್ಲ. ಆದರೂ ಅವರು ಸಾಮಾಜಿಕ, ಐತಿಹಾಸಿಕ ಕಾದಂಬರಿಗಳನ್ನು ಬರೆಯುತ್ತಲೇ ಹೋದರು. 'ಹಂಸಗೀತೆ' 1956ರಲ್ಲಿ 'ಬಸಂತ್ ಬಹಾರ್' ಎಂಬ ಹಿಂದಿ ಚಲನಚಿತ್ರವಾಯಿತು. 1972ರಲ್ಲಿ ತೆರೆಗೆ ಬಂದ 'ನಾಗರಹಾವು' ಕನ್ನಡಿಗರ ಮನೆಮಾತಾಯಿತು.

ಹೈದರಾಲಿಯ ಕಾಲದಲ್ಲಿ ಚಿತ್ರದುರ್ಗದ ಕೋಟೆ ಪತನವಾದ ಕಥೆಯೇ 'ದುರ್ಗಾಸ್ತಮಾನ'. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಸ್ವೀಕರಿಸಲು ಅವರಿರಲಿಲ್ಲ, 1984ರಲ್ಲೇ ನಿಧನರಾಗಿದ್ದರು.

ವಿದ್ಯಾರ್ಥಿಗಳೇ, ಬರೆಯುವ ಆಸೆಯಿದ್ದರೆ ಓದನ್ನು ಅರ್ಧಕ್ಕೆ ಬಿಡಬೇಡಿ, ಬೇರೊಂದು ಕಸುಬನ್ನೂ ಕಲಿತಿಟ್ಟುಕೊಳ್ಳಿ. ಆದರೆ ಪ್ರತಿಫಲ ತಡವಾಯಿತೆಂದು ಲೇಖನಿಯನ್ನು ಮಾತ್ರ ಕೆಳಗಿಡಬೇಡಿ.