ಚಿಟ್ಟೆಗಳ ಗೆಳೆಯ ಬೆಲ್

ಮಕ್ಕಳೇ, ನಿಮ್ಮ ಮನೆಯ ಹಿತ್ತಿಲಿನಲ್ಲಿ ಕರಿಬೇವಿನ ಗಿಡ ಇದೆಯೇ? ಇದ್ದರೆ ಒಂದು ದಿನ ಅದರ ಎಲೆಗಳನ್ನು ನಿಧಾನವಾಗಿ ನೋಡಿರಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಇರಬಹುದು. ಅದು ಬೆಳೆಯುತ್ತಾ ಎಲೆಯ ಹಾಗೆ ಹಸಿರಾಗುತ್ತದೆ. ಯಾರಾದರೂ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬಿನಂತಹ ಭಾಗವನ್ನು ಹೊರಗೆ ಚಾಚಿ ವಾಸನೆ ಬಿಡುತ್ತದೆ. ಇದನ್ನು ಕಂಡವರು ಗಿಡ ಹಾಳುಮಾಡುವ ಹುಳು ಎಂದು ಕಿತ್ತು ಎಸೆಯುತ್ತಾರೆ. ಕೆಲವೇ ದಿನಗಳಲ್ಲಿ ಅದು ಕಪ್ಪು ರೆಕ್ಕೆಯ ದೊಡ್ಡ ಚಿಟ್ಟೆಯಾಗಿ ಹಾರುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಹೂವಿನ ಮೇಲೆ ಕುಳಿತ ಚಿಟ್ಟೆಯನ್ನು ಎಲ್ಲರೂ ಮೆಚ್ಚುತ್ತಾರೆ. ಎಲೆ ತಿನ್ನುವ ಹುಳುವನ್ನು ಮೆಚ್ಚುವವರು ಕಡಿಮೆ. ಅಂತಹ ಹುಳುಗಳನ್ನೇ ಹುಡುಕಿ, ಸಾಕಿ, ಅವುಗಳ ಜೀವನವನ್ನು ಲೋಕಕ್ಕೆ ತಿಳಿಸಿದ ಒಬ್ಬ ಮಹನೀಯರಿದ್ದರು. ಅವರೇ ಟಿ. ಆರ್. ಬೆಲ್. ಚಿಟ್ಟೆಗಳನ್ನು ಅಧ್ಯಯನ ಮಾಡುವವರೆಲ್ಲರಿಗೂ ಅವರ ಹೆಸರು ಗೊತ್ತು. ನೀವೂ ಅವರ ಪರಿಚಯ ಮಾಡಿಕೊಳ್ಳಿರಿ.

ಥಾಮಸ್ ರೀಡ್ ಡೇವಿಸ್ ಬೆಲ್ ಅವರು 1863ನೆಯ ಇಸವಿ ಮೇ 2ರಂದು ಐರ್ಲೆಂಡ್ ದೇಶದ ಬ್ಯಾಂಡನ್ ಎಂಬ ಊರಿನಲ್ಲಿ ಹುಟ್ಟಿದರು. ಅವರದು ಹನ್ನೆರಡು ಮಕ್ಕಳ ದೊಡ್ಡ ಕುಟುಂಬ. ಆಗ ನಮ್ಮ ದೇಶದಲ್ಲಿ ಬ್ರಿಟಿಷರ ಆಳ್ವಿಕೆ ಇತ್ತು. 1884ರಲ್ಲಿ ಬೆಲ್ ಅವರು ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿ ಭಾರತಕ್ಕೆ ಬಂದರು. ಆಗ ಅವರಿಗೆ 21 ವರ್ಷ. ಅವರು ಮೊದಲು ಕೆಲಸ ಮಾಡಿದ್ದು ಕನ್ನಡ ನಾಡಿನ ಧಾರವಾಡದಲ್ಲಿ. ಮುಂದೆ ಉತ್ತರ ಕನ್ನಡ ಜಿಲ್ಲೆಯ ಕಾಡುಗಳು ಅವರ ಕಾರ್ಯಕ್ಷೇತ್ರವಾದವು.

ಉತ್ತರ ಕನ್ನಡ ಎಲ್ಲಿದೆ ಗೊತ್ತೇ? ಅಮರಾಪುರ, ಮಡಕಶಿರಗಳಿಂದ ಪಶ್ಚಿಮದ ಕಡೆಗೆ ಬಹಳ ದೂರ ಹೋಗಬೇಕು. ಬಯಲು ಮುಗಿದು ಮಲೆನಾಡು ಬರುತ್ತದೆ. ಘಟ್ಟ ಇಳಿದರೆ ಅರಬ್ಬೀ ಸಮುದ್ರ. ಅಲ್ಲಿ ಕಾಳಿ ನದಿ ಸಮುದ್ರವನ್ನು ಸೇರುವ ಕಡೆ ಕಾರವಾರ ಪಟ್ಟಣವಿದೆ. ನಮ್ಮ ಸೀಮೆಯಲ್ಲಿ ಮಳೆ ಬಹಳ ಕಡಿಮೆ. ಅಲ್ಲಿಯದು ಧಾರಾಕಾರ ಮಳೆ, ದಟ್ಟವಾದ ಕಾಡು. ಮಳೆಕಾಡಿನಲ್ಲಿ ಬಗೆಬಗೆಯ ಗಿಡ ಬಳ್ಳಿಗಳು. ಅವುಗಳನ್ನು ನಂಬಿ ಬಗೆಬಗೆಯ ಚಿಟ್ಟೆಗಳು.

ಬೆಲ್ ಅವರಿಗೆ ಇಬ್ಬರು ಗೆಳೆಯರು ದೊರೆತರು. ಒಬ್ಬರು ಜೇಮ್ಸ್ ಡೇವಿಡ್‌ಸನ್. ಅವರು ಜಿಲ್ಲೆಯ ಕಲೆಕ್ಟರ್. ಇನ್ನೊಬ್ಬರು ಇ. ಎಚ್. ಏಟ್‌ಕಿನ್. ಅವರು ಉಪ್ಪಿನ ಸುಂಕದ ಇಲಾಖೆಯ ಅಧಿಕಾರಿ. 1883ರಲ್ಲಿ ಮುಂಬಯಿಯಲ್ಲಿ ನಿಸರ್ಗ ಇತಿಹಾಸ ಸಂಘವನ್ನು ಕಟ್ಟಿದವರಲ್ಲಿ ಏಟ್‌ಕಿನ್ ಅವರೂ ಒಬ್ಬರು. ಮೂವರಿಗೂ ಕಚೇರಿಯ ಕೆಲಸ ಬೇಕಾದಷ್ಟಿತ್ತು. ಆದರೂ ಬಿಡುವು ದೊರೆತಾಗಲೆಲ್ಲ ಅವರ ಮನಸ್ಸು ಚಿಟ್ಟೆಗಳ ಕಡೆಗೆ ಓಡುತ್ತಿತ್ತು.

ಆ ಕಾಲದಲ್ಲಿ ನಮ್ಮ ದೇಶದ ಅನೇಕ ಚಿಟ್ಟೆಗಳಿಗೆ ವಿಜ್ಞಾನಿಗಳು ಹೆಸರು ಇಟ್ಟಿದ್ದರು. ಆದರೆ ಅವರಿಗೆ ಗೊತ್ತಿದ್ದುದು ಹೆಚ್ಚಾಗಿ ರೆಕ್ಕೆ ಬಂದ ಚಿಟ್ಟೆ ಮಾತ್ರ. ಅದರ ಮೊಟ್ಟೆ ಎಲ್ಲಿರುತ್ತದೆ? ಹುಳು ಹೇಗಿರುತ್ತದೆ? ಅದು ಯಾವ ಗಿಡದ ಎಲೆ ತಿನ್ನುತ್ತದೆ? ಹಲವು ಚಿಟ್ಟೆಗಳ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರವೇ ಇರಲಿಲ್ಲ. ಉತ್ತರ ಕಂಡುಹಿಡಿಯುವ ಕೆಲಸವನ್ನು ಈ ಮೂವರು ಗೆಳೆಯರು ಕೈಗೆತ್ತಿಕೊಂಡರು.

ಇದು ಸುಲಭದ ಕೆಲಸವಲ್ಲ. ತಾಯಿ ಚಿಟ್ಟೆ ಸಿಕ್ಕ ಸಿಕ್ಕ ಗಿಡದ ಮೇಲೆ ಮೊಟ್ಟೆ ಇಡುವುದಿಲ್ಲ. ಎಲೆಯ ಮೇಲೆ ಕುಳಿತು ಕಾಲಿನಿಂದಲೇ ಅದರ ರುಚಿ ನೋಡುತ್ತದೆ. ತನ್ನ ಮರಿಗಳು ತಿನ್ನುವ ಎಲೆಯೆಂದು ತಿಳಿದ ಮೇಲೆಯೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸಾಸಿವೆಗಿಂತಲೂ ಚಿಕ್ಕದು. ಅದನ್ನು ಹುಡುಕಬೇಕು. ಹುಳು ಹೊರಬಂದ ಮೇಲೆ ಅದೇ ಗಿಡದ ಹೊಸ ಎಲೆಗಳನ್ನು ತಂದು ಹಾಕುತ್ತಿರಬೇಕು. ಬೇರೆ ಎಲೆ ಕೊಟ್ಟರೆ ಎಷ್ಟೋ ಹುಳುಗಳು ಮುಟ್ಟುವುದಿಲ್ಲ. ಹಸಿದು ಸಾಯುತ್ತವೆ. ಹುಳು ಬೆಳೆಯುತ್ತಾ ನಾಲ್ಕೈದು ಬಾರಿ ಪೊರೆ ಕಳಚುತ್ತದೆ. ಕೊನೆಗೆ ಕೋಶವಾಗಿ ನೇತಾಡುತ್ತದೆ. ಒಂದು ಬೆಳಿಗ್ಗೆ ಕೋಶ ಬಿರಿದು, ಒದ್ದೆ ರೆಕ್ಕೆಯ ಚಿಟ್ಟೆ ಹೊರಬರುತ್ತದೆ. ಆಗಲೇ ಅದು ಯಾವ ಚಿಟ್ಟೆಯ ಹುಳು ಎಂಬುದು ನಿಶ್ಚಯವಾಗುವುದು. ನಡುವೆ ಹುಳು ಸತ್ತರೆ ಮತ್ತೆ ಮೊದಲಿನಿಂದ ಹುಡುಕಬೇಕು. ಬೆಲ್ ಮತ್ತು ಅವರ ಗೆಳೆಯರು ಇಂತಹ ಕೆಲಸವನ್ನು ವರ್ಷಗಟ್ಟಲೆ ತಾಳ್ಮೆಯಿಂದ ಮಾಡಿದರು.

ಹೀಗೆ ನೋಡುವಾಗ ಎಷ್ಟೋ ಸೋಜಿಗಗಳು ಬೆಳಕಿಗೆ ಬಂದವು. ಒಂದು ಪುಟ್ಟ ಚಿಟ್ಟೆಯ ಹುಳು ಎಲೆಯನ್ನು ತಿನ್ನುವುದೇ ಇಲ್ಲ. ಗಿಡಗಳ ರಸ ಹೀರುವ ಬಿಳಿಯ ಹಿಟ್ಟುತಿಗಣೆಗಳನ್ನು ತಿನ್ನುತ್ತದೆ. ರೈತನಿಗೆ ಅದು ಉಪಕಾರಿ. ಅದರ ಕೋಶ ನೋಡಲು ಕೋತಿಯ ಮುಖದಂತೆಯೇ ಇರುತ್ತದೆ! ಈ ಚಿಟ್ಟೆಯ ಹುಳು ಮತ್ತು ಕೋಶದ ಬಗ್ಗೆ 1894ರಲ್ಲಿ ಏಟ್‌ಕಿನ್ ಅವರು ಬರೆದರು.

1896ರಲ್ಲಿ ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಮುಂಬಯಿಯ ಸಂಘದ ಪತ್ರಿಕೆಯಲ್ಲಿ ಬರೆಯತೊಡಗಿದರು. 1909ರಲ್ಲಿ ಏಟ್‌ಕಿನ್ ತೀರಿಕೊಂಡರು. ಆದರೆ ಬೆಲ್ ಕೆಲಸವನ್ನು ನಿಲ್ಲಿಸಲಿಲ್ಲ. ಅದೇ ವರ್ಷದಿಂದ ಅವರು ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಕುರಿತು ಲೇಖನಮಾಲೆಯನ್ನು ಆರಂಭಿಸಿದರು. ಅದು 1927ರವರೆಗೆ ನಡೆಯಿತು. ರಾತ್ರಿ ಹಾರುವ ದೊಡ್ಡ ಪತಂಗಗಳ ಒಂದು ಗುಂಪಿನ ಬಗ್ಗೆ ಸ್ಕಾಟ್ ಎಂಬವರೊಡನೆ ಅವರು ಬರೆದ ಗ್ರಂಥ 1937ರಲ್ಲಿ ಪ್ರಕಟವಾಯಿತು. ಆಗ ಬೆಲ್ ಅವರ ವಯಸ್ಸು 74!

1920ರಲ್ಲಿ ಬೆಲ್ ಅವರು ನಿವೃತ್ತರಾದರು. ಆ ಕಾಲದ ಅನೇಕ ಅಧಿಕಾರಿಗಳು ನಿವೃತ್ತರಾದ ಕೂಡಲೇ ತಮ್ಮ ದೇಶಕ್ಕೆ ಹಿಂದಿರುಗುತ್ತಿದ್ದರು. ಬೆಲ್ ಹೋಗಲಿಲ್ಲ. ಕಾರವಾರವನ್ನೇ ತಮ್ಮ ಊರು ಮಾಡಿಕೊಂಡರು. ಭಾರತ ಸ್ವತಂತ್ರವಾದುದನ್ನೂ ಕಂಡರು. 1948ರ ಜೂನ್ 24ರಂದು, ತಮ್ಮ 85ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಮಕ್ಕಳೇ, ಆ ಕಾಲದಲ್ಲಿ ಚಿಟ್ಟೆಗಳನ್ನು ಗುರುತಿಸಲು ಅವುಗಳನ್ನು ಹಿಡಿದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಬೆಲ್ ಅವರೂ ಹಾಗೆ ಸಂಗ್ರಹ ಮಾಡಿದರು. ನಾವು ಹಾಗೆ ಮಾಡಬಾರದು. ಈಗ ಚಿತ್ರಗಳಿರುವ ಪುಸ್ತಕಗಳಿವೆ, ಕ್ಯಾಮೆರಾ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಲವು ಅಪರೂಪದ ಚಿಟ್ಟೆಗಳಿಗೆ ರಕ್ಷಣೆ ಕೊಟ್ಟಿದೆ.

ಆದರೆ ಬೆಲ್ ಅವರ ಕೆಲಸದಿಂದ ನಾವು ಕಲಿಯಬೇಕಾದ ದೊಡ್ಡ ಪಾಠ ಒಂದಿದೆ. ಚಿಟ್ಟೆ ಉಳಿಯಬೇಕಾದರೆ ಅದರ ಹುಳು ತಿನ್ನುವ ಗಿಡ ಉಳಿಯಬೇಕು. ಈಶ್ವರಿ ಬಳ್ಳಿ ಎಂಬ ಒಂದು ಬಳ್ಳಿ ಇದೆ. ಪಶ್ಚಿಮ ಘಟ್ಟದಲ್ಲಿ ಗೇಣುದ್ದ ರೆಕ್ಕೆಯ ಕಪ್ಪು ಹಳದಿ ಬಣ್ಣದ ಚಿಟ್ಟೆಯೊಂದು ಹಾರುತ್ತದೆ. ಅದು ಕರ್ನಾಟಕದ ರಾಜ್ಯ ಚಿಟ್ಟೆ. ಅದರ ಹುಳುವಿಗೆ ಈಶ್ವರಿ ಬಳ್ಳಿ ಮತ್ತು ಅದರ ಜಾತಿಯ ಬಳ್ಳಿಗಳೇ ಆಹಾರ. ಔಷಧಿಗೆಂದು ಜನರು ಈ ಬಳ್ಳಿಯನ್ನು ಬೇರುಸಹಿತ ಕೀಳುತ್ತಾರೆ. ಎಲ್ಲ ಬಳ್ಳಿಗಳನ್ನೂ ಕಿತ್ತರೆ ತಾಯಿ ಚಿಟ್ಟೆ ಮೊಟ್ಟೆ ಇಡುವುದೆಲ್ಲಿ? ಸುತ್ತಲೂ ಸಾವಿರ ಹೂಗಳು ಅರಳಿದ್ದರೂ ಆ ಚಿಟ್ಟೆ ಉಳಿಯಲಾರದು. ಬೆಂಗಳೂರಿನ ಹತ್ತಿರದ ಬನ್ನೇರುಘಟ್ಟದಲ್ಲಿ 2006ರಲ್ಲಿ ಚಿಟ್ಟೆಗಳ ಉದ್ಯಾನ ಆರಂಭವಾಯಿತು. ಅಲ್ಲಿ ಹೂಗಿಡಗಳ ಜೊತೆಗೆ ಹುಳುಗಳ ಮೇವಿನ ಗಿಡಗಳನ್ನೂ ಬೆಳೆಸಿದ್ದಾರೆ. ಯಾವ ಹುಳುವಿಗೆ ಯಾವ ಗಿಡ ಎಂದು ತಿಳಿಯಲು ವಿಜ್ಞಾನಿಗಳು ಇಂದಿಗೂ ಬೆಲ್ ಅವರ ಬರಹಗಳನ್ನು ನೋಡುತ್ತಾರೆ.

ಚಿಟ್ಟೆಗಳನ್ನು ನೋಡಲು ನೀವು ಕಾರವಾರಕ್ಕೆ ಹೋಗಬೇಕಾಗಿಲ್ಲ. ನಮ್ಮ ಬಯಲುಸೀಮೆಯ ಬೇಲಿಯೇ ಸಾಕು. ಎಕ್ಕದ ಗಿಡದ ಎಲೆಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳು ಸಿಗುತ್ತದೆ. ಎಕ್ಕದ ವಿಷ ಅದರ ಮೈಯಲ್ಲಿ ಸೇರಿರುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಅದು ಬೆಳೆದು ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ತಂಗಡಿ ಗಿಡದಲ್ಲಿ ಹಸಿರು ಹುಳು ಇರುತ್ತದೆ. ಅದು ತಿಳಿಹಸಿರು ಛಾಯೆಯ ಬಿಳಿ ಚಿಟ್ಟೆಯಾಗುತ್ತದೆ. ನಿಂಬೆಯ ಗಿಡದಲ್ಲಿಯೂ ನಿಮಗಾಗಿ ಒಂದು ಹುಳು ಕಾದಿರಬಹುದು. ದೂರದಿಂದಲೇ ನೋಡಿರಿ. ಎಕ್ಕದ ಹಾಲು ಕಣ್ಣಿಗೆ ಅಪಾಯ, ಮುಟ್ಟಬೇಡಿರಿ.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಗಿಡದ ಹೆಸರು, ಹುಳುವಿನ ಬಣ್ಣ ಬರೆದಿಡಿರಿ. ಪ್ರತಿದಿನ ಹೋಗಿ ನೋಡಿರಿ. ಮೂರು ನಾಲ್ಕು ವಾರಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗಿನ ಕಥೆಯೆಲ್ಲ ನಿಮ್ಮ ಕಣ್ಣೆದುರಿಗೇ ನಡೆಯುತ್ತದೆ. ಯಾರಾದರೂ ಬೇಲಿಯ ಗಿಡ ಕಡಿಯಲು ಬಂದರೆ, ಅದು ಯಾರ ಮನೆ ಎಂಬುದನ್ನು ಅವರಿಗೆ ತಿಳಿಸಿ ಹೇಳಿರಿ. ನಾಳೆ ಕರಿಬೇವಿನ ಎಲೆಯ ಮೇಲೆ ಹುಳು ಕಂಡರೆ ಕಿತ್ತು ಎಸೆಯಬೇಡಿರಿ. ನಾಲ್ಕು ಎಲೆ ಅದಕ್ಕೂ ಇರಲಿ.